ಅರ್ಧ ದಾರಿಗೇ ವಾಪಸ್

ನಮ್ಮಪ್ಪ ಹಿರಿಯೂರಿನವರು. 2022ರ ಸೆಪ್ಟೆಂಬರ್ ಶುರುವಿನಲ್ಲಿ ಮಾರಿಕಣಿವೆ ಕೋಡಿ ಬಿತ್ತು. 1933ರಲ್ಲಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 89 ವರ್ಷದ ಮೇಲೆ. ಅಪ್ಪನಿಗೆ ಆಗ ಎಪ್ಪತ್ತು. ಹುಟ್ಟಿದಾಗಿನಿಂದ ಆ ಅಣೆಕಟ್ಟು ನೋಡುತ್ತಾ ಬೆಳೆದವರು. ಕೋಡಿ ಹರಿದ ಕಥೆಯನ್ನು ಮಾತ್ರ ನಮ್ಮ ತಾತನ ಬಾಯಲ್ಲಿ ಕೇಳಿದ್ದರು. ಅದನ್ನು ಕಣ್ಣಾರೆ ನೋಡಿಕೊಂಡು, ಎರಡು ವಾರ ಬಿಟ್ಟು ವಿಮಾನ ಹತ್ತಿ ಅಮೆರಿಕದ ಅರಿಜೋನಾ ರಾಜ್ಯದ ಫೀನಿಕ್ಸ್‌ನ ನಮ್ಮ ಮನೆಗೆ ಬಂದರು. ಬಂದ ಮೇಲೆ ಯಾರು ಸಿಕ್ಕರೂ ಫೋನ್ ತೆಗೆದು ಕೋಡಿಯ ವಿಡಿಯೋ ತೋರಿಸುವುದೇ ಕೆಲಸ. ಪಕ್ಕದ ಮನೆಯ ಅಮೆರಿಕನ್ ಅಜ್ಜನೂ ಅದನ್ನು ಎರಡು ಸಲ ನೋಡಿದ್ದಾರೆ.

ಅಕ್ಟೋಬರಿನಲ್ಲಿ ಮಕ್ಕಳಿಗೆ ರಜೆ. ನಮ್ಮನೆಯವರು ಒಂದು ವಾರದ ಪ್ರವಾಸ ಹಾಕಿದರು. ಪೇಜ್ ಅನ್ನುವ ಊರು, ಪಕ್ಕದ ಯೂಟಾ ರಾಜ್ಯದ ಜಯಾನ್ ಮತ್ತು ಬ್ರೈಸ್ ಪಾರ್ಕುಗಳು, ಕೊನೆಗೆ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆ. ಬರೀ ಕಾರಿನಲ್ಲಿ ಸುತ್ತಿ ಫೋಟೋ ತೆಗೆದುಕೊಂಡು ಬರುವುದಲ್ಲ, ದಿನಾ ನಡೆಯಬೇಕು ಅಂತ ತೀರ್ಮಾನ. ಯಾವ ದಿನ ಎಷ್ಟು ಮೈಲಿ, ಎಷ್ಟು ಅಡಿ ಏರು, ಎಷ್ಟು ಗಂಟೆಗೆ ತಿಂಡಿ, ಎಲ್ಲವೂ ಎಕ್ಸೆಲ್ ಶೀಟಿನಲ್ಲಿ. ನಾನು ಸುಮ್ನೆ ರೈಸ್ ಕುಕ್ಕರ್, ಪುಳಿಯೋಗರೆ ಗೊಜ್ಜು, ಚಟ್ನಿಪುಡಿ ಕಟ್ಟಿಕೊಂಡೆ. ಅಪ್ಪ ಊರಿಂದ ತಂದ ಕೋಡುಬಳೆ ಡಬ್ಬ ಮತ್ತು ಕಪ್ಪು ಛತ್ರಿ ಇಟ್ಟುಕೊಂಡರು. ಛತ್ರಿ ನೋಡಿ ಹದಿನೈದರ ಮಗಳು ಮುಖ ಕಿವುಚಿದಳು. "ತಾತ, ಅಲ್ಲಿ ಮಳೆನೇ ಬರಲ್ಲ." ಅಪ್ಪ, "ಮಳೆಗೆ ಯಾರು ಛತ್ರಿ ಹಿಡೀತಾರೆ ನಮ್ಮೂರಲ್ಲಿ?" ಅಂದರು.

ಫೀನಿಕ್ಸ್‌ನಿಂದ ಪೇಜ್‌ಗೆ ಸುಮಾರು ನಾಲ್ಕೂವರೆ ಗಂಟೆ. ಅಲ್ಲಿ ಕೊಲೊರಾಡೊ ನದಿಗೆ ಅಡ್ಡಲಾಗಿ ಗ್ಲೆನ್ ಕ್ಯಾನ್ಯನ್ ಅಣೆಕಟ್ಟು ಇದೆ. 710 ಅಡಿ ಎತ್ತರ. ಹಿಂದಿರುವ ಜಲಾಶಯದ ಹೆಸರು ಲೇಕ್ ಪವೆಲ್. 1963ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದರೆ ಅದು ತುಂಬಿದ್ದು 1980ರಲ್ಲಿ. ನಾವು ಹೋದಾಗ ಬರೀ ಕಾಲು ಭಾಗ ನೀರಿತ್ತು. ಕೆಂಪು ಬಂಡೆಗೋಡೆಗಳ ಮೇಲೆ, ನೀರು ಮುಂಚೆ ಎಲ್ಲಿಯವರೆಗೆ ಇತ್ತೋ ಅಲ್ಲಿಯವರೆಗೂ ಬೆಳ್ಳಗೆ ಪಟ್ಟೆ. "ಹಾಲು ಕಾಸಿದ ಪಾತ್ರೆ ತೊಳೀದೆ ಇಟ್ಟಂಗಿದೆ" ಅಂದರು ಅಪ್ಪ. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ಮಾರಿಕಣಿವೆಯೂ ಅವರ ಜೀವನದ ಬಹುಪಾಲು ಹೀಗೇ ಇತ್ತಲ್ಲ. ಅಲ್ಲಿ ಯಾರಿಗೂ ಅವರು ವಿಡಿಯೋ ತೋರಿಸಲಿಲ್ಲ. ನಾನು ಗಮನಿಸಿದೆ.

ಮಾರನೇ ದಿನ ಆಂಟಿಲೋಪ್ ಕ್ಯಾನ್ಯನ್. ಇಲ್ಲೊಂದು ಎಡವಟ್ಟಾಯಿತು. ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುವ ಪದ್ಧತಿ ಅರಿಜೋನಾದಲ್ಲಿ ಇಲ್ಲ. ಯೂಟಾದಲ್ಲಿ ಇದೆ. ಅರಿಜೋನಾದ ಒಳಗೇ ಇರುವ, ಮೂಲನಿವಾಸಿ ನವಾಹೋ ಜನರ ನಾಡಿನಲ್ಲೂ ಇದೆ. ಆದರೆ ನವಾಹೋ ನೆಲದಲ್ಲಿರುವ ಈ ಕ್ಯಾನ್ಯನ್ನಿನ ಟೂರುಗಳು ನಡೆಯುವುದು ಮತ್ತೆ ಅರಿಜೋನಾ ಟೈಮಿನಲ್ಲಿ! ನಮ್ಮ ಫೋನು ಯಾವ ಟವರ್ ಸಿಕ್ಕಿತೋ ಅದರ ಟೈಮ್ ತೋರಿಸುತ್ತಿತ್ತು. ಏಳೂವರೆ ಅಂತ ಓಡಿಹೋದರೆ ಅಲ್ಲಿ ಆರೂವರೆ. ಗೇಟೇ ತೆಗೆದಿರಲಿಲ್ಲ. ಎಕ್ಸೆಲ್ ಶೀಟಿಗೆ ಬಿದ್ದ ಮೊದಲ ಪೆಟ್ಟು ಅದು.

ಒಳಗೆ ನವಾಹೋ ಗೈಡ್ ಇಲ್ಲದೆ ಬಿಡುವುದಿಲ್ಲ. ಕೆಲವು ಕಡೆ ಎರಡೂ ಕೈ ಚಾಚಲು ಆಗದಷ್ಟು ಕಿರಿದು. ಗೋಡೆಗಳು ಬಟ್ಟೆ ಹಿಂಡಿ ಬಿಟ್ಟ ಹಾಗೆ ಸುತ್ತಿಕೊಂಡಿವೆ. ಎಲ್ಲ ನೀರು ಕೊರೆದದ್ದು ಅಂತ ಗೈಡ್ ಹೇಳಿದಾಗ ಮಗ, "ನೀರೆಲ್ಲಿ?" ಅಂತ ಕೇಳಿದ. ನೀರು ಬಂದರೆ ಬರುವುದು ಪ್ರವಾಹವಾಗಿಯೇ. 1997ರ ಆಗಸ್ಟಿನಲ್ಲಿ ಹೀಗೆ ಬಂದು 11 ಪ್ರವಾಸಿಗರು ತೀರಿಕೊಂಡರಂತೆ. ಅಲ್ಲಿ ಮಳೆಯೇ ಸುರಿದಿರಲಿಲ್ಲ, ಎಷ್ಟೋ ಮೈಲಿ ಆಚೆ ಸುರಿದಿತ್ತು. ಈಗ ಇರುವ ಕಬ್ಬಿಣದ ಮೆಟ್ಟಿಲುಗಳು ಅದರ ನಂತರ ಹಾಕಿದ್ದು. ಆಮೇಲೆ ಮಗ ಆಗಾಗ ತಲೆಯೆತ್ತಿ ಆಕಾಶ ನೋಡುತ್ತಲೇ ನಡೆದ.

ಜಯಾನ್‌ನಲ್ಲಿ ಮಗಳ ಆಸೆ ಏಂಜಲ್ಸ್ ಲ್ಯಾಂಡಿಂಗ್. ಬಂಡೆಯ ಏಣಿನ ಮೇಲೆ ಸರಪಳಿ ಹಿಡಿದುಕೊಂಡು ಹತ್ತಬೇಕು, ಎರಡೂ ಪಕ್ಕ ಪ್ರಪಾತ. ಆ ವರ್ಷದ ಏಪ್ರಿಲ್‌ನಿಂದ ಅದಕ್ಕೆ ಲಾಟರಿಯಲ್ಲಿ ಪರ್ಮಿಟ್ ಸಿಕ್ಕರೆ ಮಾತ್ರ ಬಿಡುತ್ತಿದ್ದರು. ನಮಗೆ ಸಿಗಲಿಲ್ಲ. ನನಗೆ ಒಳಗೊಳಗೇ ಖುಷಿ. ಸರಪಳಿ ಶುರುವಾಗುವ ಮುಂಚಿನ ಸ್ಕೌಟ್ ಲುಕೌಟ್‌ವರೆಗೆ ಪರ್ಮಿಟ್ ಬೇಡ. ಅಲ್ಲಿಗಾದರೂ ಹೋಗೋಣ ಅಂತ ಹೊರಟೆವು.

ಅರ್ಧಕ್ಕಿಂತ ಜಾಸ್ತಿ ಹತ್ತಿ, ನೆರಳಿರುವ ಒಂದು ತಂಪಾದ ಸಂದಿಗೆ ಬಂದಿದ್ದೆವು. ಮುಂದೆ 21 ಕಡಿದಾದ ತಿರುವುಗಳಿವೆ. ಆಗ ನಮ್ಮನೆಯವರ ಬಲಗಾಲಿನ ಶೂ ಬಾಯಿ ಬಿಟ್ಟಿತು. ಅಟ್ಟೆ ಪೂರ್ತಿ ಕಿತ್ತುಬಂತು. ಎರಡು ವರ್ಷದಿಂದ ಗ್ಯಾರೇಜಿನಲ್ಲಿ ಇಟ್ಟಿದ್ದ ಶೂ ಅದು. ಫೀನಿಕ್ಸ್ ಬೇಸಿಗೆಯಲ್ಲಿ ಗ್ಯಾರೇಜು ಅಂದರೆ ಒಲೆಯೇ. ಅಂಟೆಲ್ಲ ಪುಡಿಯಾಗಿ ಹೋಗಿತ್ತು. ಪ್ಲಾನ್ ಮಾಡಿದವರ ಶೂ ಒಂದೇ ಚೆಕ್‌ಲಿಸ್ಟಿನಲ್ಲಿ ಇರಲಿಲ್ಲ! ಅಪ್ಪ ಹೆಗಲ ಮೇಲಿನ ಟವೆಲ್ ಹರಿದು, ಎತ್ತಿನ ಗೊರಸಿಗೆ ಕಟ್ಟುವ ಹಾಗೆ ಗಟ್ಟಿಯಾಗಿ ಕಟ್ಟಿದರು. ಇಳಿಯುವಾಗ ಎದುರಿಗೆ ಬಂದವರೆಲ್ಲ ಆ ಕಾಲನ್ನೇ ನೋಡುತ್ತಿದ್ದರು. ನಮ್ಮನೆಯವರು ಮಾತ್ರ ಬಂಡೆಗಳನ್ನು ತುಂಬ ಆಸಕ್ತಿಯಿಂದ ನೋಡುತ್ತಾ ಇಳಿದರು.

ಮರುದಿನ ಜಯಾನ್‌ನಲ್ಲೇ ನ್ಯಾರೋಸ್. ಇಲ್ಲಿ ದಾರಿಯೇ ನದಿ. ಕಣಿವೆ ಕಿರಿದಾದ ಕಡೆ ದಡ ಅನ್ನುವುದೇ ಇಲ್ಲ, ನೀರಿನಲ್ಲೇ ನಡೆಯಬೇಕು. ಬಾಡಿಗೆಗೆ ಶೂ ಮತ್ತು ಕೋಲು ಕೊಡುತ್ತಾರೆ. ನಮ್ಮನೆಯವರಿಗೆ ಹೇಗೂ ಶೂ ಬೇಕಿತ್ತು. ಅಪ್ಪ ಕಾಂಕ್ರೀಟ್ ದಾರಿ ಮುಗಿಯುವಲ್ಲಿ ಛತ್ರಿ ಬಿಡಿಸಿ ಕೂತರು. ಅಳಿಲಿಗೆ ಕಡಲೆಕಾಯಿ ಹಾಕಲು ಹೋಗಿ ರೇಂಜರ್ ಹತ್ತಿರ ಬುದ್ಧಿ ಹೇಳಿಸಿಕೊಂಡರಂತೆ. ಅಲ್ಲಿ ಅಳಿಲಿಗೆ ತಿನ್ನಲು ಕೊಡುವುದು ತಪ್ಪು, ಅವು ಕಚ್ಚುತ್ತವೆ ಕೂಡ. ನಾವು ಮುಕ್ಕಾಲು ಗಂಟೆ ನಡೆದಿರಬಹುದು. ನೀರು ನನಗೆ ತೊಡೆಯವರೆಗೆ, ಒಂಬತ್ತು ವರ್ಷದ ಮಗನಿಗೆ ಸೊಂಟದ ಮೇಲೆ. ಅವನು ಏನೂ ಹೇಳಲಿಲ್ಲ, ತುಟಿ ಮಾತ್ರ ನೀಲಿಯಾಗಿತ್ತು. ವಾಪಸ್. ಈ ಸಲ ಯಾರೂ ಮುಖ ಸಣ್ಣದು ಮಾಡಲಿಲ್ಲ. ರೂಢಿಯಾಗಿತ್ತು ಅನ್ನಿಸುತ್ತೆ.

ಇಡೀ ವಾರದಲ್ಲಿ ಶೀಟಿನಲ್ಲಿ ಬರೆದ ಹಾಗೆ ಮುಗಿಸಿದ್ದು ಒಂದೇ ನಡಿಗೆ, ಬ್ರೈಸ್‌ನಲ್ಲಿ. ಮೂರು ಮೈಲಿಗೆ ಸ್ವಲ್ಪ ಕಡಿಮೆ. ಸುಮಾರು 8000 ಅಡಿ ಎತ್ತರದ ಜಾಗ, ಬೆಳಿಗ್ಗೆ ಕಾರಿನ ಗಾಜಿನ ಮೇಲೆ ಹಿಮ ಕಟ್ಟಿತ್ತು. ಕೆಳಗೆ ಸಾವಿರಾರು ಕಲ್ಲಿನ ಕಂಬಗಳು, ಕೇಸರಿ ಬಣ್ಣ. ಹೂಡೂ ಅಂತಾರೆ. ಇಲ್ಲಿ ಕೊರೆಯುವುದು ನದಿಯಲ್ಲ. ಬಿರುಕಿನೊಳಗೆ ಹೋದ ನೀರು ರಾತ್ರಿ ಗಡ್ಡೆ ಕಟ್ಟಿ ಉಬ್ಬುತ್ತದೆ, ಹಗಲು ಕರಗುತ್ತದೆ. ವರ್ಷಕ್ಕೆ 170ಕ್ಕೂ ಹೆಚ್ಚು ಸಲ ಹೀಗಾಗಿ ಕಲ್ಲು ಸೀಳುತ್ತದಂತೆ. ಇಲ್ಲಿನ ಮೂಲನಿವಾಸಿ ಪಾಯೂಟ್ ಜನರ ಕಥೆ ಬೇರೆ. ಹಿಂದೆ ಇಲ್ಲಿದ್ದವರು ಕೆಟ್ಟದಾಗಿ ನಡೆದುಕೊಂಡಾಗ ಕಯೋಟಿ (ನರಿಯಂಥ ಪ್ರಾಣಿ) ಅವರನ್ನೆಲ್ಲ ಕಲ್ಲು ಮಾಡಿಬಿಟ್ಟನಂತೆ. "ನಮ್ಮ ಅಹಲ್ಯೆ ಒಬ್ಬಳು. ಇಲ್ಲಿ ಊರಿಗೆ ಊರೇ" ಅಂದರು ಅಪ್ಪ.

ಕೊನೆಗೆ ಗ್ರ್ಯಾಂಡ್ ಕ್ಯಾನ್ಯನ್. ನಾವು ಆರಿಸಿಕೊಂಡದ್ದು ಸೌತ್ ಕೈಬಾಬ್ ದಾರಿ. ಅಲ್ಲಿ ಹನಿ ನೀರಿಲ್ಲ, ನೆರಳೂ ಇಲ್ಲ ಅನ್ನಬಹುದು. ಬೆಟ್ಟವಾದರೆ ಸುಸ್ತಾದಾಗ ತಿರುಗಿ ಇಳಿಯಬಹುದು. ಇಲ್ಲಿ ಉಲ್ಟಾ. ಸುಸ್ತು ಗೊತ್ತಾಗುವ ಹೊತ್ತಿಗೆ ಏರು ಬಾಕಿ ಇರುತ್ತದೆ. ಇಳಿದ ಹೊತ್ತಿನ ಎರಡರಷ್ಟು ಹತ್ತಲು ಬೇಕು ಅಂತ ಲೆಕ್ಕ ಇಟ್ಟುಕೊಳ್ಳಬೇಕು. ಮಗಳ ಗುರಿ ಸ್ಕೆಲಿಟನ್ ಪಾಯಿಂಟ್, ಮೂರು ಮೈಲಿ ಕೆಳಗೆ. ಆ ದಾರಿಯಲ್ಲಿ ಕೊಲೊರಾಡೊ ನದಿ ಮೊದಲು ಕಾಣುವುದೇ ಅಲ್ಲಿಂದ. ಅಪ್ಪ ಮುಕ್ಕಾಲು ಮೈಲಿಗೇ ನಿಲ್ಲುತ್ತಾರೆ ಅಂದುಕೊಂಡಿದ್ದೆ. ಛತ್ರಿ ಬಿಡಿಸಿಕೊಂಡು, ಅವಸರ ಮಾಡದೆ, ಒಂದೂವರೆ ಮೈಲಿ ಕೆಳಗಿನ ಸೀಡರ್ ರಿಡ್ಜ್‌ವರೆಗೂ ಬಂದರು. 1100 ಅಡಿ ಇಳಿದಿದ್ದೆವು. ದಾರಿಯಲ್ಲಿ ಒಬ್ಬಾಕೆ ಛತ್ರಿ ಎಲ್ಲಿ ತಗೊಂಡಿರಿ ಅಂತ ಕೇಳಿದಳು. ಮಗಳೇ ಇಂಗ್ಲಿಷಿನಲ್ಲಿ ಉತ್ತರ ಹೇಳಿದಳು, ಹಿರಿಯೂರು ಸಂತೆಪೇಟೆ ಅಂತ.

ಎದುರಿಗೆ ಎರಡು ಶಿಖರ. ಒಂದರ ಹೆಸರು ಜೊರಾಸ್ಟರ್ ಟೆಂಪಲ್, ಅದರ ಹಿಂದಿನದು ಬ್ರಹ್ಮ ಟೆಂಪಲ್. ವಿಷ್ಣು, ಶಿವ, ರಾಮ, ಕೃಷ್ಣನ ಹೆಸರಿನವೂ ಈ ಕಣಿವೆಯಲ್ಲಿವೆ. 1880ರ ದಶಕದಲ್ಲಿ ಇಲ್ಲಿ ಸರ್ವೆ ಮಾಡಿದ ಭೂವಿಜ್ಞಾನಿ ಕ್ಲಾರೆನ್ಸ್ ಡಟನ್ ಶುರು ಮಾಡಿದ ಚಾಳಿ ಇದು. ತಳದ ಕಪ್ಪು ಕಲ್ಲಿಗೂ ವಿಷ್ಣು ಶಿಸ್ಟ್ ಅಂತಲೇ ಹೆಸರು, ವಯಸ್ಸು ಸುಮಾರು 170 ಕೋಟಿ ವರ್ಷ. ಅಪ್ಪ ಶಿಖರವನ್ನು ನೋಡಿ, "ನಮ್ಮಲ್ಲೇ ಬ್ರಹ್ಮನಿಗೆ ಗುಡಿ ಸಿಗೋದು ಕಷ್ಟ. ಇಲ್ಲಿ ಬಂದು ಹಾಯಾಗಿ ಕೂತಿದ್ದಾನೆ ನೋಡು" ಅಂದರು.

ನಗುತ್ತಾ ತಿರುಗಿದರೆ ಮಗಳು ನೆಲದ ಮೇಲೆ ಕೂತಿದ್ದಾಳೆ. ಮುಖ ಬಿಳಿಚಿಕೊಂಡಿದೆ. ವಾಂತಿ ಬರ್ತಿದೆ, ತಲೆ ಸುತ್ತುತ್ತಿದೆ ಅಂದಳು. ನೀರು ಕುಡಿದಿಲ್ಲವೇನೋ ಅಂತ ನಾನು ಬಾಟಲಿ ಹಿಡಿದೆ. ಹತ್ತಿರದಲ್ಲಿದ್ದ ಪಾರ್ಕಿನ ಸ್ವಯಂಸೇವಕಿಯೊಬ್ಬರು ಬಂದು ತಡೆದರು. ಎಷ್ಟು ನೀರು ಕುಡಿದಿದ್ದೀಯ, ಏನು ತಿಂದಿದ್ದೀಯ ಅಂತ ವಿಚಾರಿಸಿದರು. ಎರಡು ಲೀಟರ್ ಖಾಲಿ ಮಾಡಿದ್ದಳು. ತಿಂದದ್ದು ಏನೂ ಇಲ್ಲ. ಬೆಳಿಗ್ಗೆ ಪುಳಿಯೋಗರೆ ಬೇಡ ಅಂದಿದ್ದಳು. ಇಲ್ಲಿನ ಒಣಗಾಳಿಯಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಅಲ್ಲಲ್ಲೇ ಆರಿಹೋಗುತ್ತದೆ. ಉಪ್ಪು ಹೋಗುತ್ತದೆ, ಮೇಲೆ ಬರೀ ನೀರು ಸುರಿದರೆ ರಕ್ತದಲ್ಲಿ ಇರುವ ಉಪ್ಪೂ ತೆಳುವಾಗುತ್ತದೆ. ಅದು ಜಾಸ್ತಿಯಾದರೆ ಪ್ರಾಣಕ್ಕೇ ಅಪಾಯ. "ಉಪ್ಪಿನ ತಿಂಡಿ ಏನಾದರೂ ಇದೆಯಾ?" ಅಂತ ಕೇಳಿದರು.

ನಮ್ಮನೆಯವರ ಬ್ಯಾಗಿನಲ್ಲಿ ಇದ್ದದ್ದೆಲ್ಲ ಸಿಹಿ ಬಾರ್‌ಗಳು. ಅಪ್ಪ ಜುಬ್ಬದ ಜೇಬಿಗೆ ಕೈ ಹಾಕಿ, ಪೇಪರಿನಲ್ಲಿ ಸುತ್ತಿದ್ದ ಕೋಡುಬಳೆ ತೆಗೆದರು. ಆಕೆ ಅದನ್ನು ತಿರುಗಿಸಿ ನೋಡಿ, ಒಂದು ಚೂರು ಬಾಯಿಗೆ ಹಾಕಿಕೊಂಡು, ಸರಿ ಅಂತ ತಲೆಯಾಡಿಸಿದರು. ಖಾರಕ್ಕೆ ಕಣ್ಣಲ್ಲಿ ನೀರು ಬಂತು ಪಾಪ.

ಛತ್ರಿಯ ನೆರಳಲ್ಲಿ ಮಗಳು ನಾಲ್ಕು ಕೋಡುಬಳೆ ನಿಧಾನವಾಗಿ ತಿಂದಳು. ಮುಕ್ಕಾಲು ಗಂಟೆ ಬಿಟ್ಟು ಮುಖಕ್ಕೆ ಕಳೆ ಬಂತು. "ನದಿ ನೋಡ್ಲೇ ಇಲ್ಲ" ಅಂತ ಅಳು ಬೇರೆ. "ಮೊನ್ನೆ ಡ್ಯಾಮ್ ಹತ್ರ ನೋಡಿದ್ವಲ್ಲ ಪುಟ್ಟಿ. ಅದೇ ನೀರು ಕಣಮ್ಮ ಕೆಳಗೆ ಹರಿಯೋದು" ಅಂದರು ಅಪ್ಪ. ಅವಳಿಗೆ ಅದರಿಂದೇನೂ ಸಮಾಧಾನ ಆಗಲಿಲ್ಲ.

ಹತ್ತಲು ಎರಡು ಗಂಟೆ ಹಿಡಿಯಿತು. ಪ್ರತಿ ತಿರುವಿನಲ್ಲೂ ನಿಂತೆವು. ಹೇಸರಗತ್ತೆಗಳ ಸಾಲು ಬಂದಾಗ ಗೋಡೆಗೆ ಒತ್ತಿ ನಿಂತೆವು. ಅಪ್ಪ ಎಲ್ಲರಿಗಿಂತ ಹಿಂದೆ, ಒಂದೇ ವೇಗದಲ್ಲಿ. ಕೊನೆಗೆ ಎಲ್ಲರೂ ಅವರ ವೇಗಕ್ಕೇ ಬಂದೆವು.

ಮೇಲೆ ನಲ್ಲಿ ಇತ್ತು. ಅಪ್ಪ ಬಾಟಲಿ ತುಂಬಿಸಿಕೊಂಡು, ಈ ಬೋರೆಯ ಮೇಲೆ ನೀರು ಎಲ್ಲಿಂದ ತರ್ತಾರೆ ಅಂತ ಕೇಳಿದರು. ಎದುರು ಗೋಡೆಯಲ್ಲಿರುವ ರೋರಿಂಗ್ ಸ್ಪ್ರಿಂಗ್ಸ್ ಅನ್ನುವ ಬುಗ್ಗೆಯಿಂದ ಅಂತ ನಮ್ಮನೆಯವರು ವಿವರಿಸಿದರು. ಪೈಪಿನಲ್ಲಿ ಕಣಿವೆಯ ತಳಕ್ಕೆ ಇಳಿದು, ನದಿ ದಾಟಿ, ಈ ಕಡೆಗೆ ಹತ್ತಿ ಬರುತ್ತದೆ. ಕೊನೆಯ ಏರಿಗೆ ಪಂಪು ಬೇಕು. ಪೈಪು ಹಾಕಿದ್ದು 1960ರ ದಶಕದಲ್ಲಿ, ಆಗಾಗ ಒಡೆಯುತ್ತಿರುತ್ತದೆ.

ಅಪ್ಪ ಅರ್ಧ ಬಾಟಲಿ ಕುಡಿದು, ಅದನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಬೆಂಚಿನ ಮೇಲೆ ಕೂತಿದ್ದ ಅಪರಿಚಿತ ದಂಪತಿಯ ಹತ್ತಿರ ಹೋಗಿ, ಫೋನ್ ತೆಗೆದು ಕೋಡಿಯ ವಿಡಿಯೋ ತೋರಿಸಲು ಶುರು ಮಾಡಿದರು. "ಎಯ್ಟಿ ನೈನ್ ಇಯರ್ಸ್" ಅನ್ನುವುದು ನಮಗೆ ಕಾರಿನ ತನಕ ಕೇಳಿಸುತ್ತಿತ್ತು.