ಸ್ಟಡಿ ಟೂರಿಗೆ ನೇಪಾಳ ಹೋಗುವವರು ಭಕ್ತಪುರದಲ್ಲೇ ಉಳ್ಕೊಳ್ಳಿ ಮಾರಾಯ್ರೆ

ಕಳೆದ ನವೆಂಬರಲ್ಲಿ ಆರ್ಕಿಟೆಕ್ಚರ್ ಓದುವ ನಾವು 26 ಜನ, ಜೊತೆಗೆ ಇಬ್ರು ಲೆಕ್ಚರರ್ಸ್, ಮಂಗಳೂರಿಂದ ಕಾಠ್ಮಂಡು ಕಣಿವೆಗೆ ಹೋಗಿ ಬಂದದ್ದು. ಆವತ್ತಿಂದ ಜೂನಿಯರ್ಸ್ ಒಬ್ಬೊಬ್ರೇ ಬಂದು ಏನು ತಗೊಂಡು ಹೋಗ್ಬೇಕು, ಎಲ್ಲಿ ಉಳ್ಕೊಳ್ಬೇಕು, ಏನು ನೋಡ್ಬೇಕು ಅಂತ ಕೇಳ್ತಾ ಇದ್ದಾರೆ, ಒಮ್ಮೆ ಬರ್ದು ಬಿಟ್ರೆ ಮುಗೀತಲ್ಲ.

ಮೊದ್ಲು ಐಡಿ ವಿಷಯ. ನೇಪಾಳಕ್ಕೆ ನಮಗೆ ವೀಸಾ ಬೇಡ ಅಂತ ಎಲ್ಲರಿಗೂ ಗೊತ್ತುಂಟು, ಎಡವಟ್ಟಾಗುದು ಅಲ್ಲೇ. ಫ್ಲೈಟಲ್ಲಿ ಹೋಗುದಾದ್ರೆ ಪಾಸ್‌ಪೋರ್ಟ್ ಬೇಕು, ಇಲ್ಲದಿದ್ರೆ ವೋಟರ್ ಐಡಿ ಬೇಕು, ನಮ್ಮ ಪ್ರಾಯದವರ ಆಧಾರ್ ನಡೆಯುದಿಲ್ಲ. ನಮ್ಮಲ್ಲೊಬ್ಬ ಬಜಪೆ ಏರ್‌ಪೋರ್ಟಲ್ಲಿ ಆಧಾರ್ ತೋರಿಸಿ ಆರಾಮಾಗಿ ದೆಹಲಿವರೆಗೆ ಬಂದ, ಅಲ್ಲಿ ಕಾಠ್ಮಂಡು ಕೌಂಟರಲ್ಲಿ ನಿಲ್ಸಿದ್ರು, ಅವನ ವೋಟರ್ ಕಾರ್ಡ್ ಕಾರ್ಕಳದ ಮನೆ ಕಪಾಟಲ್ಲಿ. ಪಾಪ, ಕೆಂಪು ಕೋಟೆ ನೋಡಿಕೊಂಡು ವಾಪಸ್ ಹೋದ. ಎರಡು ತಿಂಗಳು ಮೊದ್ಲೇ ಎಲ್ಲರ ಕಾರ್ಡ್ ಕಣ್ಣಾರೆ ನೋಡಿ, "ಉಂಟು ಉಂಟು" ಅಂದದ್ದನ್ನು ನಂಬ್ಬೇಡಿ.

ದುಡ್ಡಿಗೆ ತಲೆಬಿಸಿ ಇಲ್ಲ, ನಮ್ಮ 100 ಅಂದ್ರೆ ಅವರ 160, 1993ರಿಂದಲೂ ಅದೇ ರೇಟ್. ನಮ್ಮ 100ರ ನೋಟುಗಳನ್ನು ಸ್ವಲ್ಪ ಇಟ್ಕೊಳ್ಳಿ. 2024ರಿಂದ ಯುಪಿಐ ಕೂಡ ಉಂಟು, ಆದ್ರೆ ಎಲ್ಲ ಅಂಗಡಿಯಲ್ಲಿ ನಡೆಯುದಿಲ್ಲ. ಟೈಮ್ ನಮಗಿಂತ ಕಾಲು ಗಂಟೆ ಮುಂದೆ. ಫೋನ್ ತಾನಾಗಿ ಬದಲಾಗ್ತದೆ, ನಮ್ಮ ಸರ್ ಕೈಗಡಿಯಾರ ಆಗ್ಲಿಲ್ಲ, ಎರಡು ದಿನ ಬಸ್ ಅವರಿಗೇ ಕಾದದ್ದು.

ಇನ್ನು ಮುಖ್ಯ ಮಾತು. ಏಜೆಂಟ್ ಕೊಟ್ಟ ಪ್ಲಾನಲ್ಲಿ ಎಲ್ಲ ರಾತ್ರಿ ಕಾಠ್ಮಂಡುವಿನ ಥಮೇಲಲ್ಲಿ, ಭಕ್ತಪುರಕ್ಕೆ ಬರೀ ಅರ್ಧ ದಿನ. ನಾವು ಹಠ ಮಾಡಿ ಮೂರು ರಾತ್ರಿ ಭಕ್ತಪುರದ ಒಳಗೇ ಗೆಸ್ಟ್‌ಹೌಸ್ ಮಾಡಿದೆವು. ಸಿಟಿಯಿಂದ ಬರೀ 13 ಕಿಲೋಮೀಟರ್, ಆದ್ರೆ ಸಂಜೆ ಟೂರಿಸ್ಟ್ ಬಸ್ಸೆಲ್ಲ ಹೋದ ಮೇಲೆ ಆ ಊರು ಬೇರೆಯೇ. ಬೆಳಿಗ್ಗೆ ಆರಕ್ಕೆ ಸ್ಕೆಚ್ ಬುಕ್ ಹಿಡ್ಕೊಂಡು ಹೊರಗೆ ಬಂದ್ರೆ ಪೂಜೆ ತಟ್ಟೆ ಹಿಡಿದ ಅಜ್ಜಿಯಂದಿರು, ಗಂಟೆ ಶಬ್ದ, ಮೆಟ್ಟಿಲಲ್ಲಿ ಕೂತ ನಮ್ಮನ್ನು ಸುತ್ತು ಹಾಕಿಕೊಂಡು ಹೋಗ್ತಾರೆ, ಒಬ್ರಂತೂ ಕಲ್ಲಿನ ಸಿಂಹಕ್ಕೆ ಕುಂಕುಮ ಹಚ್ಚಿ ಉಳಿದದ್ದನ್ನು ನನ್ನ ಹಣೆಗೂ ಹಚ್ಚಿದ್ರು.

ಅಲ್ಲಿಯ ನ್ಯಾತಪೋಲ ಐದು ಮಾಡಿನ, ಅಂದ್ರೆ ಒಂದರ ಮೇಲೊಂದು ಐದು ಛಾವಣಿಯ ಗುಡಿ, ರಾಜ ಭೂಪತೀಂದ್ರ ಮಲ್ಲ 1702ರಲ್ಲಿ ಕಟ್ಟಿಸಿದ್ದು. ಮಾಡು ಐದು, ಕೆಳಗೆ ಜಗಲಿಯೂ ಐದು. ಮೆಟ್ಟಿಲ ಎರಡೂ ಬದಿ ಮೊದ್ಲು ಜಟ್ಟಿಗಳು, ಮತ್ತೆ ಆನೆ, ಸಿಂಹ, ಹೀಗೆ ಮೇಲೆ ಹೋದ ಹಾಗೆ ಒಬ್ಬರಿಗಿಂತ ಒಬ್ರು ಹತ್ತು ಪಟ್ಟು ಬಲಶಾಲಿ ಅಂತ ಲೆಕ್ಕ. 1934ರದ್ದು, 2015ರದ್ದು ಎರಡೂ ಭೂಕಂಪ ತಡ್ಕೊಂಡು ನಿಂತಿದೆ, ದರ್ಬಾರ್ ಚೌಕದ ವತ್ಸಲಾ ಗುಡಿ 2015ರಲ್ಲಿ ಪೂರ್ತಿ ಬಿದ್ದು ಈಗ ಪುನಃ ಕಟ್ಟಿದ್ದಾರೆ. ಎರಡನ್ನೂ ಒಂದೇ ದಿನ ಡ್ರಾ ಮಾಡಿಸಿ, ಮರ ಇಟ್ಟಿಗೆಯದ್ದು ಒಂದು, ಕಲ್ಲಿಂದು ಒಂದು, ಕ್ಲಾಸಲ್ಲಿ ತಿಂಗಳು ಕೇಳಿದ್ರೂ ತಲೆಗೆ ಹೋಗದ್ದು ಅಲ್ಲಿ ಹೋಗ್ತದೆ.

ಹೊರಡುವ ಮೊದ್ಲು ಒಂದು ಭಾನುವಾರ ಮೂಡುಬಿದಿರೆಗೂ ಹೋಗಿ. 1430ರ ಸಾವಿರ ಕಂಬದ ಬಸದಿಯ ಇಳಿಜಾರು ಮಾಡು ನೇಪಾಳದ ಹಾಗೆ ಉಂಟು ಅಂತ 19ನೇ ಶತಮಾನದಲ್ಲೇ ಕಟ್ಟಡಗಳ ಚರಿತ್ರೆಕಾರ ಜೇಮ್ಸ್ ಫರ್ಗುಸನ್ ಬರ್ದಿದ್ದ. ನನಗೆ ಸಂಬಂಧ ಗಿಂಬಂಧ ಗೊತ್ತಿಲ್ಲ, ಎರಡೂ ಕಡೆ ಮಳೆ ಒಂದೇ ನಮೂನೆ ಹೊಡೀತದೆ ಅಷ್ಟೇ. ಭಕ್ತಪುರದಲ್ಲೊಬ್ಬ ಮರಗೆಲಸದ ಅಜ್ಜ ಮಾಡಿನ ಕೆಳಗಿನ ಓರೆ ಆಧಾರವನ್ನು ಮುಟ್ಟಿ ತೋರಿಸಿದ್ರು, ಮೈತುಂಬಾ ದೇವರ ಕೆತ್ತನೆ, ನಾವು ಅಲಂಕಾರ ಅಂದ್ಕೊಂಡದ್ದು. ಅಷ್ಟು ಉದ್ದ ಹೊರಗೆ ಚಾಚಿದ ಮಾಡನ್ನು ಹೊತ್ತದ್ದೇ ಅದು, ಮಾಡು ಗಿಡ್ಡ ಆದ್ರೆ ಮಣ್ಣಲ್ಲಿ ಕಟ್ಟಿದ ಗೋಡೆಗೆ ನೀರು ಬಡಿದು ಹಾಳು. ಆಟಿ ತಿಂಗಳ ಮಳೆ ನೋಡಿದ ನಮಗೆ ಇದನ್ನು ಜಾಸ್ತಿ ವಿವರಿಸ್ಬೇಕಾ?

ಅದೇ ಕಣಿವೆಯ ಇನ್ನೊಂದು ಹಳೇ ಊರು ಪಾಟನ್‌ಗೆ ಒಂದು ಇಡೀ ದಿನ ಇಡಿ. 1637ರ ಕೃಷ್ಣ ಮಂದಿರ ಪೂರ್ತಿ ಕಲ್ಲು, ಸುತ್ತ ಮಹಾಭಾರತ ರಾಮಾಯಣದ ಕೆತ್ತನೆ, ಉಡುಪಿಯ ಹುಡುಗಿಯರು ಅಲ್ಲಿಂದ ಏಳಲೇ ಇಲ್ಲ. ಪಕ್ಕದಲ್ಲಿ ತಗ್ಗಿಗಿಳಿದ್ರೆ ಮಂಗ ಹಿಟಿ ಅಂತ ಹಳೇ ಕಲ್ಲಿನ ನೀರಿನ ತೂಬು, ಹೆಸರು ಕೇಳಿ ನಾವು ಮಂಗ ಹುಡುಕಿದ್ದೇ ಹುಡುಕಿದ್ದು, ಇದ್ದದ್ದು ಮೊಸಳೆಮುಖ. ಪಶುಪತಿನಾಥದಲ್ಲಿ ಪೂಜೆ ಮಾಡುವ ಭಟ್ಟರು ಪರಂಪರೆಯಿಂದ ನಮ್ಮ ಕರ್ನಾಟಕದವರೇ, ಕನ್ನಡ ಕಿವಿಗೆ ಬಿದ್ರೆ ಆಶ್ಚರ್ಯ ಪಡ್ಬೇಡಿ. ಬೆಲ್ಟ್ ಪರ್ಸ್ ಚರ್ಮದ್ದಾದ್ರೆ ರೂಮಲ್ಲೇ ಬಿಡಿ, ಹಿಂದೂಗಳಲ್ಲದ ಫ್ರೆಂಡ್ಸಿಗೆ ಮುಖ್ಯ ಗುಡಿಯ ಒಳಗೆ ಬಿಡುದಿಲ್ಲ, ಮೊದ್ಲೇ ಹೇಳಿ, ಗೇಟಲ್ಲಿ ಹೇಳಿದ್ರೆ ಬೇಜಾರಾಗ್ತದೆ. ಭಕ್ತಪುರ, ಪಾಟನ್‌ನ ಟಿಕೆಟ್ ಕೌಂಟರಲ್ಲಿ ಸಾರ್ಕ್ (ದಕ್ಷಿಣ ಏಷ್ಯಾ ಒಕ್ಕೂಟ) ದೇಶದವರು ಅನ್ನಿ, ರೇಟ್ ಭಾರೀ ಕಡಿಮೆ.

ಚಳಿಗೆ ಸ್ವೆಟರ್ ಬೇಕೇ ಬೇಕು. ಊಟ ದಾಲ್ ಭಾತ್, ಕುಚ್ಚಲಕ್ಕಿ ಕೇಳ್ಬೇಡಿ. ಜುಜು ಧೌ ಅಂತ ಮಣ್ಣಿನ ಪಾತ್ರೆಯಲ್ಲಿ ಎಮ್ಮೆ ಹಾಲಿನ ಸಿಹಿ ಮೊಸರು, ಚಮಚ ನೆಟ್ರೆ ನಿಲ್ತದೆ, ನಾನು ಮೂರು ದಿನದಲ್ಲಿ ಏಳು ತಿಂದೆ. ಕುಂಬಾರರ ಚೌಕದಲ್ಲಿ ಪಾತ್ರೆ ತಗೊಂಡ್ರೆ ಸ್ವೆಟರಲ್ಲಿ ಸುತ್ತಿ ಕೈಚೀಲದಲ್ಲೇ ತನ್ನಿ, ಚೆಕ್‌ಇನ್ ಬ್ಯಾಗಿಗೆ ಹಾಕಿದ ಹತ್ತರಲ್ಲಿ ನಾಲ್ಕು ಬಜಪೆಗೆ ಬರುವಾಗ ಚೂರು ಚೂರು, ಕಾರ್ಕಳದವನಿಗೆ ಅಂತ ತಂದದ್ದೂ ಅದರಲ್ಲೇ.