ಯಾವ ದೇವರ ವ್ರತ, ಮೇಡಂ?

ಸುಳ್ಳು ಹೇಳಿದ್ದು ಸಕ್ಕರೆ ಬಿಟ್ಟ ಎರಡನೇ ದಿನವೇ. ಜನವರಿ 2. ಆಫೀಸಿನಲ್ಲಿ ಒಬ್ಬರ ಮಗನಿಗೆ ಕೆಲಸ ಸಿಕ್ಕಿತ್ತು, ಮೈಸೂರು ಪಾಕಿನ ಡಬ್ಬಿ ಟೇಬಲ್ಲಿಂದ ಟೇಬಲ್ಲಿಗೆ ಬರುತ್ತಿತ್ತು. ನನ್ನ ಹತ್ತಿರ ಬಂದಾಗ "ಬೇಡ, ಡಯಟ್ ಮಾಡ್ತಿದೀನಿ" ಅಂದೆ. ಅದೇ ತಪ್ಪಾಯಿತು. ನಮ್ಮ ಆಫೀಸಿನಲ್ಲಿ ಡಯಟ್ ಅಂದರೆ "ಇನ್ನೂ ಸ್ವಲ್ಪ ಒತ್ತಾಯ ಮಾಡಿ" ಅಂತ ಅರ್ಥ. "ಒಂದು ಪೀಸಿಗೆ ಏನಾಗುತ್ತೆ ಮೇಡಂ?" "ನೀವೇನು ಅಷ್ಟು ದಪ್ಪ ಇಲ್ಲ ಬಿಡಿ." "ಇವತ್ತು ತಿನ್ನಿ, ನಾಳೆ ಜಿಮ್ಮಲ್ಲಿ ಇಳಿಸಿ." ಮೂರು ಜನ ಸುತ್ತ ನಿಂತರು. ಡಬ್ಬಿ ಮುಂದೆ ಹೋಗುವ ಲಕ್ಷಣ ಕಾಣಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: "ವ್ರತ ಇದೆ. ಒಂದು ಮಂಡಲ."

ಡಬ್ಬಿ ತಕ್ಷಣ ಪಕ್ಕದ ಟೇಬಲ್ಲಿಗೆ ಹೋಯಿತು. ಒಬ್ಬರಂತೂ ಕೈಯನ್ನೇ ಮುಗಿದರು.

ಮಂಡಲ ಅಂದರೆ 48 ದಿನ. ಆ ಲೆಕ್ಕ ಮಾತ್ರ ನಿಜ. ಡಿಸೆಂಬರ್‌ನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಎಚ್‌ಬಿಎ1ಸಿ, ಅಂದರೆ ರಕ್ತದಲ್ಲಿನ ಸಕ್ಕರೆಯ ಸರಾಸರಿ ಲೆಕ್ಕ, 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಇನ್ನೂ ಸಕ್ಕರೆ ಕಾಯಿಲೆ ಅಲ್ಲ, ಆದರೆ ಬಾಗಿಲಲ್ಲಿ ಬಂದು ನಿಂತಿದೆ ಅಂತ. ನಮ್ಮಮ್ಮನಿಗೆ ಸಕ್ಕರೆ ಕಾಯಿಲೆ ಇದೆ. ನನಗೆ 44. ಆಗಸ್ಟ್‌ನಿಂದ ಜಿಮ್ಮಿಗೆ ಹೋಗುತ್ತಿದ್ದೆ, ಡೆಡ್‌ಲಿಫ್ಟ್, ಅಂದರೆ ನೆಲದಿಂದ ಭಾರ ಎತ್ತುವುದು, 50 ಕೆಜಿಗೆ ಬಂದಿತ್ತು. ಆದರೆ ಜಿಮ್ಮಿನಿಂದ ಬರುವ ದಾರಿಯಲ್ಲೇ ಬೇಕರಿ ಇದೆ. ತುಮಕೂರಿನಲ್ಲಿ ಬೇಕರಿ ಇಲ್ಲದ ದಾರಿ ಯಾವುದಿದೆ ಹೇಳಿ.

ಅಮೆರಿಕದಲ್ಲಿರುವ ನಾದಿನಿ ಮಗಳು "ಅತ್ತೆ, ಹೋಲ್30 ಮಾಡಿ" ಅಂತ ಪಟ್ಟಿ ಕಳಿಸಿದಳು. 2009ರಲ್ಲಿ ಅಲ್ಲಿ ಶುರುವಾದದ್ದಂತೆ. 30 ದಿನ ಸಕ್ಕರೆ ಇಲ್ಲ, ಮದ್ಯ ಇಲ್ಲ. ಅಷ್ಟರವರೆಗೆ ಖುಷಿಯಾಗಿ ಓದಿದೆ. ಮುಂದಕ್ಕೆ ನೋಡಿದರೆ ಧಾನ್ಯ ಇಲ್ಲ, ಬೇಳೆಕಾಳು ಇಲ್ಲ, ಹಾಲು ಮೊಸರು ಇಲ್ಲ, ಕಡಲೆಕಾಯಿಯೂ ಇಲ್ಲ. ತುಪ್ಪ ಮಾತ್ರ ಇರಬಹುದು. ಮುದ್ದೆ, ಹುರುಳಿ ಸಾರು, ಮೊಸರು ಮೂರನ್ನೂ ತೆಗೆದು ತುಪ್ಪ ಬಿಟ್ಟರೆ ಅದನ್ನು ಯಾವುದಕ್ಕೆ ಹಾಕಿಕೊಳ್ಳಲಿ?

ಹಾಗಾಗಿ ನನ್ನದೇ ನಿಯಮ ಮಾಡಿಕೊಂಡೆ. ಸಕ್ಕರೆ, ಬೆಲ್ಲ, ಜೇನು ಇಲ್ಲ. ಮೈದಾ ಇಲ್ಲ. ಬಿಳಿ ಅನ್ನ ಇಲ್ಲ. ಬೇಕರಿ, ಹೋಟೆಲ್ ಇಲ್ಲ. ಎಣ್ಣೆ ಗಾಣದ್ದು. ಪ್ಯಾಕೆಟ್ಟಿನ ಹಿಂದೆ ನನಗೆ ಅರ್ಥವಾಗದ ಒಂದು ಹೆಸರಿದ್ದರೂ ಇಲ್ಲ. ಸ್ವಲ್ಪ ಕಡಿಮೆ ಮಾಡೋಣ ಅನ್ನುವುದನ್ನು ನಾನು ಹತ್ತು ವರ್ಷ ಮಾಡಿ ನೋಡಿದ್ದೇನೆ. ಆ "ಸ್ವಲ್ಪ"ವನ್ನು ನಾನು ಅಳೆಯುವುದಿಲ್ಲ, ಬಡಿಸುವವರು ಅಳೆಯುತ್ತಾರೆ. ಪೂರ್ತಿ ಇಲ್ಲ ಅಂದುಬಿಟ್ಟರೆ ಒಂದೇ ಸಲ ಜಗಳ ಮುಗಿಯುತ್ತದೆ.

ಮೊದಲ ವಾರ ಪ್ಯಾಕೆಟ್ ಓದುವುದರಲ್ಲೇ ಹೋಯಿತು. ಏನು ಜಾಸ್ತಿ ಹಾಕಿದ್ದಾರೋ ಅದರ ಹೆಸರನ್ನು ಮೊದಲು ಬರೆಯಬೇಕು ಅನ್ನುವುದು ನಿಯಮ. ಇದೊಂದು ಗೊತ್ತಿದ್ದರೆ ಸಾಕು. ಮನೆಯಲ್ಲಿದ್ದ ರಾಗಿ ಬಿಸ್ಕತ್ತಿನಲ್ಲಿ ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ಎಣ್ಣೆ, ಆಮೇಲೆ ರಾಗಿ. ಚಿತ್ರದಲ್ಲಿ ಮಾತ್ರ ತೆನೆ ತೂಗುತ್ತಿತ್ತು. ಅತ್ತೆಗೆ ಓದಿ ಹೇಳಿದರೆ "ಇಷ್ಟು ದಿನ ನಂಗೂ ಮೋಸ ಮಾಡ್ತಿದ್ಯಾ ಹಂಗಾರೆ" ಅಂತ ನನ್ನ ಮೇಲೇ ಬಂದರು. ಆ ಉತ್ಸಾಹದಲ್ಲಿ ಇಂಗಿನ ಡಬ್ಬಿಯನ್ನೂ ತಿರುಗಿಸಿ ನೋಡಿದೆ. ಅಂಗಡಿಯ ಇಂಗಿಗೆ ಗೋಂದು, ಹಿಟ್ಟು ಬೆರೆಸಿರುತ್ತಾರೆ. ನಮ್ಮನೆ ಡಬ್ಬಿಯ ಮೇಲೆ ಮೈದಾ ಅಂತಲೇ ಇತ್ತು. ಲೆಕ್ಕದ ಪ್ರಕಾರ ನಮ್ಮನೆ ಸಾರು ಕೂಡ ನಿಷಿದ್ಧ! ಡಬ್ಬಿಯನ್ನು ಇದ್ದಲ್ಲೇ ಇಟ್ಟು, ಏನೂ ನೋಡಿಲ್ಲ ಅಂದುಕೊಂಡೆ.

ಜಾಸ್ತಿ ಕಷ್ಟವಾಗಿದ್ದು ಅನ್ನ ಬಿಟ್ಟಿದ್ದು. ನಿತ್ಯ ಮುದ್ದೆ, ಜೊತೆಗೆ ಸೊಪ್ಪು ಇಲ್ಲವೇ ಕಾಳಿನ ಸಾರು. ಅತ್ತೆಗೆ ಇದು ಇಷ್ಟವಾಗುತ್ತದೆ, ಹಳೆ ಕಾಲದ ಊಟ ಅಂತ ಹೊಗಳುತ್ತಾರೆ ಅಂದುಕೊಂಡಿದ್ದೆ. ಅವರು ಮೊರದಲ್ಲಿ ಅವರೆಕಾಯಿ ಬಿಡಿಸುತ್ತಾ ಹೇಳಿದ್ದು ಇಷ್ಟು: "ಹಬ್ಬ ಬಂದ್ರೆ ಮಾತ್ರ ಅನ್ನ ಕಾಣೋ ಮನೇಲಿ ಹುಟ್ಟಿದೋಳು ನಾನು. ನಿಮ್ಮ ಮಾವಂಗೆ ಕೆರೆ ಹಿಂದೆ ಗದ್ದೆ ಐತೆ ಅಂದಿದ್ಕೇ ಮದ್ವೆಗೆ ಒಪ್ಕೊಂಡಿದ್ದು. ನೀನು ದುಡ್ಡು ಕೊಟ್ಟು ಜಿಮ್ಮಿಗೋಗಿ ಮತ್ತೆ ಮುದ್ದೆ ತಂದಿದ್ದೀಯ." 48 ದಿನವೂ ಅವರು ನನ್ನೆದುರಿಗೇ ಕೂತು ಬಿಸಿ ಅನ್ನಕ್ಕೆ ತುಪ್ಪ ಹಾಕಿಕೊಂಡು ಉಂಡರು. ನನಗೆ ಬೇಜಾರಾಗಲಿಲ್ಲ ಅಂದರೆ ಅದೂ ಸುಳ್ಳೇ.

ಜಿಮ್ಮಿನಲ್ಲಿ ಮೊದಲ ಹತ್ತು ದಿನ ಕೆಟ್ಟದಾಗಿತ್ತು. ಸ್ಕ್ವಾಟ್‌ನಲ್ಲಿ ಮೂರನೇ ಸಲ ಏಳುವಾಗಲೇ ಕಾಲು ನಡುಗುತ್ತಿತ್ತು. ತೂಕ ಒಂದೇ ವಾರಕ್ಕೆ 1.6 ಕೆಜಿ ಇಳಿದಿತ್ತು, ನಾನು ಕುಣಿದಾಡುತ್ತಿದ್ದೆ. ಟ್ರೈನರ್ ಹುಡುಗ ತಣ್ಣೀರು ಎರಚಿದ. "ಕೊಬ್ಬಲ್ಲ ಮೇಡಂ, ಅದು ನೀರು. ಮಸಲ್‌ನಲ್ಲಿ ಕೂಡಿಟ್ಟಿರೋ ಸಕ್ಕರೆ, ಅದೇ ಗ್ಲೈಕೋಜನ್, ಖಾಲಿಯಾದ್ರೆ ಅದರ ಜೊತೆಗಿರೋ ನೀರೂ ಹೋಗುತ್ತೆ. ಅದಕ್ಕೇ ಕಾಲಲ್ಲಿ ಶಕ್ತಿ ಇಲ್ಲ." ನಾನು ಅನ್ನದ ಜೊತೆಗೆ ಮಧ್ಯಾಹ್ನದ ಮುದ್ದೆಯನ್ನೂ ಅರ್ಧ ಮಾಡಿಕೊಂಡಿದ್ದೆ. ಉತ್ಸಾಹ ಜಾಸ್ತಿಯಾದಾಗ ಹೀಗೇ.

ಮದ್ದು ಸಂಕ್ರಾಂತಿಯಲ್ಲಿ ಸಿಕ್ಕಿತು. ಹಬ್ಬಕ್ಕೆ ತಂದ ಗೆಣಸು ಬುಟ್ಟಿ ತುಂಬ ಉಳಿದಿತ್ತು. ಸಂಜೆ ಐದಕ್ಕೆ ಬೇಯಿಸಿದ ಎರಡು ಗೆಣಸು ತಿಂದು ಆರಕ್ಕೆ ಬಾರ್ ಎತ್ತಿದರೆ ಕಾಲು ನಡುಗಲಿಲ್ಲ. ಆವತ್ತಿನಿಂದ ಗೆಣಸು ಖಾಯಂ ಆಯಿತು.

ಆದರೆ ಅದೇ ಸಂಕ್ರಾಂತಿ ದಿನ ಎದುರು ಮನೆಯ ಪುಟ್ಟಿ ಜರಿ ಲಂಗ ಹಾಕಿಕೊಂಡು ಎಳ್ಳು ಬೆಲ್ಲ ತಂದಳು. ಎಳ್ಳು, ಕಡಲೆಕಾಯಿ, ಕೊಬ್ಬರಿ, ಹುರಿಗಡಲೆ ಎಲ್ಲಾ ಸರಿ. ಬೆಲ್ಲದ ಚೂರುಗಳು ಮಾತ್ರ ಕಲ್ಲಿನ ಹಾಗೆ ಕಾಣುತ್ತಿದ್ದವು. ಅವನ್ನು ಬೆರಳಲ್ಲಿ ಸರಿಸಿ ಉಳಿದದ್ದನ್ನು ಬಾಯಿಗೆ ಹಾಕಿಕೊಂಡೆ. ಅವಳು ನೋಡುತ್ತಾ ನಿಂತಳು. "ಆಂಟಿ, ಬೆಲ್ಲ ಬಿಟ್ರೆ ಒಳ್ಳೇ ಮಾತು ಬರಲ್ಲ" ಅಂದಳು. ಅಂಗೈಯಲ್ಲಿ ಉಳಿದಿದ್ದ ನಾಲ್ಕು ಚೂರನ್ನು ಅವಳಿಗೇ ಕೊಟ್ಟೆ. ಕಬ್ಬಿನ ತುಂಡನ್ನು ಮಾತ್ರ ಬಿಡಲಿಲ್ಲ. ಹಲ್ಲಲ್ಲಿ ಸಿಗಿದು ತಿನ್ನುವ ಕಬ್ಬು ಹೋಲ್ ಫುಡ್ಡೋ (ಸಂಸ್ಕರಿಸದ ಆಹಾರವೋ) ಅಲ್ಲವೋ ಅಂತ ರಾತ್ರಿ ಮಗಳ ಜೊತೆ ಅರ್ಧ ಗಂಟೆ ವಾದ ಮಾಡಿದೆ. ನಾನೇ ಗೆದ್ದೆ.

ಟ್ರೈನರ್ ಜೊತೆಗಿನ ಜಗಳ ಬೇರೆ. ಅವನ ಪ್ರಕಾರ ದಿನಕ್ಕೆ 100 ಗ್ರಾಂ ಪ್ರೋಟೀನ್ ಬೇಕು, ವೇ ಅನ್ನುವ ಪ್ರೋಟೀನ್ ಪುಡಿ ತಗೊಳ್ಳಲೇಬೇಕು. ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳುವುದು ಒಂದು ಕೆಜಿ ತೂಕಕ್ಕೆ 0.83 ಗ್ರಾಂ, ಅಂದರೆ ನನ್ನ 68 ಕೆಜಿಗೆ 56 ಗ್ರಾಂ. ಭಾರ ಎತ್ತುವವರಿಗೆ ಅದಕ್ಕಿಂತ ಜಾಸ್ತಿ ಬೇಕು ಅಂತ ನಾನೂ ಒಪ್ಪುತ್ತೇನೆ. ಆದರೆ ಬ್ರೆಜಿಲ್‌ನ ಕಾರ್ಲೋಸ್ ಮಾಂಟೇರೊ ಮತ್ತು ಜೊತೆಯವರು ಆಹಾರವನ್ನು ಎಷ್ಟು ಸಂಸ್ಕರಿಸಿದೆ ಅಂತ ನೋಡಿ ನಾಲ್ಕು ಗುಂಪು ಮಾಡಿದ್ದಾರಲ್ಲ, ನೋವಾ ಅಂತ, ಅದರಲ್ಲಿ ಫ್ಲೇವರ್ ಹಾಕಿದ ವೇ ಪುಡಿ ಬರುವುದು ಚಿಪ್ಸ್, ಕೋಲಾ ಇರುವ ಕೊನೆಯ ಗುಂಪಿಗೇ. ಬಿಸ್ಕತ್ತು ಬಿಟ್ಟು ಪುಡಿ ಹಿಡಿಯುವುದು ಯಾವ ನ್ಯಾಯ?

ಮೂರು ಮೊಟ್ಟೆಗೆ 18 ಗ್ರಾಂ, ಒಂದು ಹಿಡಿ ಕಡಲೆಕಾಯಿಗೆ ಏಳು, ದೊಡ್ಡ ಬಟ್ಟಲು ಮೊಸರಿಗೆ ಆರು, ಹುರುಳಿಯೋ ಹೆಸರುಕಾಳೋ ನೂರು ಗ್ರಾಂ ನೆನೆಹಾಕಿದರೆ 22ರ ಆಸುಪಾಸು. ಬುಧವಾರ, ಭಾನುವಾರ ಕೋಳಿ. ಉಳಿದ ಊಟದ್ದೂ ಸೇರಿ ಹಾಗೂ ಹೀಗೂ 75, 80 ಆಗುತ್ತಿತ್ತು. ಸೋಮವಾರ, ಶನಿವಾರ ಮನೆಯಲ್ಲಿ ಮೊಟ್ಟೆ ಒಡೆಯುವ ಹಾಗಿಲ್ಲ. ಆ ದಿನ ಒಂದು ಲೀಟರ್ ಹಾಲಿಗೆ ನಿಂಬೆಹಣ್ಣು ಹಿಂಡಿ ಪನೀರ್ ಮಾಡುತ್ತಿದ್ದೆ. ಬಟ್ಟೆಯಲ್ಲಿ ಸೋಸಿದಾಗ ಕೆಳಗೆ ತಿಳಿಹಳದಿ ನೀರು ಉಳಿಯುತ್ತದಲ್ಲ, ಅದೇ ವೇ! ಚೀಸ್ ಮಾಡುವ ಕಡೆ ಇಂಥದ್ದೇ ನೀರನ್ನು ಸೋಸಿ ಒಣಗಿಸಿ ಪುಡಿ ಮಾಡುತ್ತಾರೆ. ಒಂದು ಸೋಮವಾರ ಅದನ್ನು ಬಾಟಲಿಗೆ ತುಂಬಿ ಜಿಮ್ಮಿಗೆ ತಗೊಂಡು ಹೋದೆ. "ಇಗೋ ನೋಡಪ್ಪ, ವೇ." ಅವನು ಒಂದು ಗುಟುಕು ಕುಡಿದು ಮುಖ ಕಿವುಚಿದ. ನೂರು ಮಿಲಿಗೆ ಒಂದು ಗ್ರಾಂ ಪ್ರೋಟೀನೂ ಇರುವುದಿಲ್ಲ ಅದರಲ್ಲಿ, ನನಗೂ ಗೊತ್ತು. ಉಳಿದದ್ದನ್ನು ರಾಗಿ ರೊಟ್ಟಿ ಹಿಟ್ಟಿಗೆ ಹಾಕಿ ಕಲಸಿದೆ. ರೊಟ್ಟಿ ಮೆತ್ತಗೆ ಬಂತು.

ಈಗ ಲಾಡಿನ ವಿಷಯ.

31ನೇ ದಿನ, ಮೊದಲು ಕೈ ಮುಗಿದಿದ್ದರಲ್ಲ, ಅದೇ ಸಹೋದ್ಯೋಗಿ ತಿರುಪತಿಗೆ ಹೋಗಿ ಬಂದರು. ಆಫೀಸಿಗೆಲ್ಲ ಲಾಡನ್ನು ಪುಡಿ ಮಾಡಿ ಚಿಟಿಕೆ ಚಿಟಿಕೆ ಹಂಚಿದರು. ನನ್ನ ಹತ್ತಿರ ಬಂದು, ಬ್ಯಾಗಿನಿಂದ ಬಾಳೆಲೆ ಪೊಟ್ಟಣ ತೆಗೆದರು. "ನೀವು ವ್ರತದಲ್ಲಿದ್ದೀರಲ್ಲ ಮೇಡಂ. ನಿಮಗೆ ಅಂತ ಇಡೀ ಲಾಡು." ಡಯಟ್ ಅಂದಿದ್ದರೆ ಚಿಟಿಕೆಯಲ್ಲಿ ಮುಗಿಯುತ್ತಿತ್ತು. ವ್ರತದಲ್ಲಿರುವವಳು ಪ್ರಸಾದ ಬೇಡ ಅನ್ನುವುದು ಹೇಗೆ? ಅವರು ಎದುರಿಗೇ ನಿಂತಿದ್ದರು, ನಾನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡೆ. ತಿಂಗಳ ಮೇಲೆ ನಾಲಿಗೆಗೆ ಬಿದ್ದ ಸಕ್ಕರೆ. ಮೊದಲ ತುತ್ತಿಗೆ ತಲೆ ಜುಮ್ ಅಂದಿತು. ಎರಡನೆಯದು ಜಾಸ್ತಿ ಸಿಹಿ ಅನ್ನಿಸಿತು. ಕಲ್ಲುಸಕ್ಕರೆ ಸಿಕ್ಕಿದಾಗ ಅದನ್ನೂ ಕಡಿದೆ. ಪೂರ್ತಿ ತಿಂದೆ, ಬೆರಳು ನೆಕ್ಕಿದೆ.

ಅಮೆರಿಕದ ನಿಯಮದಲ್ಲಿ ಒಂದು ಸಲ ತಪ್ಪಿದರೂ ಮತ್ತೆ ಒಂದನೇ ದಿನದಿಂದ ಶುರು. "ಪ್ರಸಾದಕ್ಕೆ ದೋಷ ಇಲ್ಲ ಕಣೆ" ಅಂದರು ನಮ್ಮೆಜಮಾನರು. ದೋಷ ಇಲ್ಲ, ಸಕ್ಕರೆ ಇದೆಯಲ್ಲ. ಡೈರಿಯಲ್ಲಿ "31: ಲಾಡು, ಇಡೀ" ಅಂತ ಬರೆದು ಮರುದಿನ 32 ಅಂತಲೇ ಮುಂದುವರಿಸಿದೆ.

ಫೆಬ್ರವರಿ 17ಕ್ಕೆ 48 ಮುಗಿಯಿತು. ತೂಕ 65.7. ಡೆಡ್‌ಲಿಫ್ಟ್ 57.5. ಎಚ್‌ಬಿಎ1ಸಿ ಎರಡು ಮೂರು ತಿಂಗಳ ಸರಾಸರಿ ತೋರಿಸುವುದರಿಂದ ಮಾರ್ಚ್ ಕೊನೆಗೆ ಬನ್ನಿ ಅಂದಿದ್ದಾರೆ ಡಾಕ್ಟರು. 49ನೇ ದಿನ ಬೆಳಿಗ್ಗೆ ಕ್ಯಾತ್ಸಂದ್ರಕ್ಕೆ ಹೋಗಿ ಎರಡು ತಟ್ಟೆ ಇಡ್ಲಿ ತಿಂದು ಬಂದೆ. ಅದನ್ನೇನೂ ಮುಚ್ಚಿಡುವುದಿಲ್ಲ.

ಆದರೆ ಆಫೀಸಿನಲ್ಲಿ ಯಾರೋ ದಿನ ಎಣಿಸುತ್ತಿದ್ದರು. ಹೋಗಿ ಕುರ್ಚಿಯಲ್ಲಿ ಕೂರುವಷ್ಟರಲ್ಲಿ ಬಂದು, "ಮಂಡಲ ಮುಗೀತಲ್ವಾ ಮೇಡಂ? ಯಾವ ದೇವರ ವ್ರತ ಅಂತ ಹೇಳಲೇ ಇಲ್ಲ. ಉದ್ಯಾಪನೆ ಯಾವಾಗ?" ಅಂದರು. ನಾನು ಏನೋ ಗೊಣಗಿದೆ. ಮಧ್ಯಾಹ್ನದ ಹೊತ್ತಿಗೆ ಇಡೀ ಸೆಕ್ಷನ್‌ಗೆ ಸುದ್ದಿ ಮುಟ್ಟಿತ್ತು. ಬರುವ ಶುಕ್ರವಾರ 14 ಜನ ಊಟಕ್ಕೆ ಬರುತ್ತಿದ್ದಾರೆ. ಅತ್ತೆ ಈಗಾಗಲೇ ಹೋಳಿಗೆಗೆ ಅಂತ ಎರಡು ಕೆಜಿ ಬೆಲ್ಲ ತರಿಸಿದ್ದಾರೆ. ಕಣಕಕ್ಕೆ ಮೈದಾ ಬೇಡ, ಗೋಧಿ ಹಿಟ್ಟು ಸಾಕು ಅಂತ ನಾನು ಹೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ.