“ಹಂಗೇರಿಯವರೂ ಸ್ಲಾವರೇ ಅಲ್ಲವೇ?” ಎಂದು ಕೇಳುವವರಿಗೆ

ಅಲ್ಲ. ಸ್ಲಾವರೆಂದರೆ ರಷ್ಯನ್, ಪೋಲಿಷ್, ಚೆಕ್, ಸ್ಲೊವಾಕ್ ಮುಂತಾದ ಒಂದೇ ಕುಟುಂಬದ ನುಡಿಗಳನ್ನಾಡುವ ಜನ; ಹಂಗೇರಿಯನ್ನರು ಸ್ಲಾವರಲ್ಲ. ಬುಡಾಪೆಸ್ಟಿನಲ್ಲಿ ನೆಲೆಸಿದ್ದೇನೆಂಬ ಒಂದೇ ಕಾರಣಕ್ಕೆ ಊರಿಗೆ ಬಂದಾಗಲೆಲ್ಲ ಈ ಪ್ರಶ್ನೆಗೆ ನಿಂತಲ್ಲಿ ಕುಂತಲ್ಲಿ ಉತ್ತರಿಸಿ ನನಗೆ ಸಾಕಾಗಿದೆ; ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುವುದೆಂದು ತೀರ್ಮಾನಿಸಿದ್ದೇನೆ. ಹಂಗೇರಿಯನ್ ಭಾಷೆ ಯೂರಾಲಿಕ್ ಕುಟುಂಬದ್ದು. ಅದರ ಹತ್ತಿರದ ಬಂಧುಗಳಾದ ಮಾನ್ಸಿ ಮತ್ತು ಖಾಂತಿ ಭಾಷೆಗಳನ್ನಾಡುವವರು ಇರುವುದು ಪಶ್ಚಿಮ ಸೈಬೀರಿಯಾದಲ್ಲಿ. ಮಾಜ್ಯಾರ್ ಬುಡಕಟ್ಟುಗಳು, ಅಂದರೆ ಹಂಗೇರಿಯನ್ನರ ಪೂರ್ವಜರು, ಸುಮಾರು 895ರ ಹೊತ್ತಿಗೆ ಕಾರ್ಪೇಥಿಯನ್ ಬೆಟ್ಟಗಳ ನಡುವಿನ ಬಯಲಿಗೆ ಬಂದಿಳಿದಾಗ ಸ್ಲಾವರು ಅಲ್ಲಿ ಆಗಲೇ ನೆಲೆಸಿದ್ದರು. ಇಂದಿಗೂ ಹಂಗೇರಿಯ ಏಳು ನೆರೆರಾಷ್ಟ್ರಗಳಲ್ಲಿ ಐದು ಸ್ಲಾವರವು. ಕೇಳಿದ್ದಕ್ಕೆ ಉತ್ತರ ಇಷ್ಟೇ.

ಆದರೆ ಕೇಳುವವರಿಗೆ ಬೇಕಾಗಿರುವುದು ಉತ್ತರವಲ್ಲ, ಹೌದೆಂದು ತಲೆಯಾಡಿಸುವ ಒಬ್ಬ ಮನುಷ್ಯ. ಧಾರವಾಡದ ಮದುವೆಯೊಂದರ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತಿದ್ದ ಕಾಕಾ ಒಬ್ಬರು, ನಿವೃತ್ತ ಮಾಸ್ತರರು, ಮೇಲಿನದೆಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, “ಇರ್ಲಿ ಬಿಡಪಾ, ಎಲ್ಲಾ ಒಂದ ಮಂದಿ. ಈಸ್ಟರ್‌ಕ್ಕ ಹುಡುಗ್ಯಾರ ಮ್ಯಾಲೆ ನೀರು ಸುರೀತಾರಲ್ಲ, ಅದು ನಮ್ಮ ಓಕಳೀನ ಅಲ್ಲೇನು? ಇಲ್ಲಿಂದನ ಹೋಗಿರಬೇಕು” ಎಂದರು. ಎಲೆಯ ಮೇಲೆ ಹೋಳಿಗೆ ಬಿದ್ದದ್ದರಿಂದ ವಾದ ಅಲ್ಲಿಗೇ ನಿಂತಿತು. ನಿಲ್ಲದಿದ್ದರೆ ನಾನು ಹೇಳುತ್ತಿದ್ದದ್ದು ಹೀಗೆ: ಕಾಕಾ, ನೀರೆರಚಿದ್ದೆಲ್ಲ ಓಕುಳಿಯಲ್ಲ. ಹಂಗೇರಿಯಲ್ಲಿ ಈಸ್ಟರ್ ಸೋಮವಾರ ಹುಡುಗರು ಮನೆಮನೆಗೆ ಹೋಗಿ, ಹಸಿರು ಕಾಡಿನಲ್ಲಿ ಬಾಡುತ್ತಿದ್ದ ನೀಲಿ ಹೂವೊಂದನ್ನು ಕಂಡೆ, ನೀರೆರೆಯಬಹುದೇ ಎಂಬರ್ಥದ ಪದ್ಯವನ್ನು ಒಪ್ಪಿಸುತ್ತಾರೆ. ಹಿಂದೆ ಬಾವಿಯ ಬಳಿ ಬಕೆಟ್‌ಗಟ್ಟಲೆ ಸುರಿಯುತ್ತಿದ್ದರು. ಈಗ ಹೆಚ್ಚಿನವರು ತಲೆಗೆ ನಾಲ್ಕು ಹನಿ ಕಲೋನ್ ಚಿಮುಕಿಸಿ, ಬಣ್ಣ ಬಳಿದ ಮೊಟ್ಟೆಯನ್ನು ಪಡೆದು ಮುಂದಿನ ಮನೆಗೆ ನಡೆಯುತ್ತಾರೆ. ಮಧ್ಯಾಹ್ನದ ವೇಳೆಗೆ ನೀರೆರೆಸಿಕೊಂಡ ಹುಡುಗಿಯ ಕೂದಲು ಬಗೆಬಗೆಯ ಅಗ್ಗದ ಸುಗಂಧಗಳ ಮಿಶ್ರವಾಸನೆಯಿಂದ ಘಮಘಮಿಸುತ್ತಿರುತ್ತದೆ. ಅವಳಿಗೆ ಇದು ಇಷ್ಟವೇ ಎಂದು ಯಾರೂ ನನ್ನನ್ನು ಕೇಳಿದ್ದಿಲ್ಲ. ಎಲ್ಲರಿಗೂ ಇಷ್ಟವೆಂದು ನಾನಂತೂ ಹೇಳಲಾರೆ. ಅದೇ ದಿನ ಸ್ಲೊವಾಕಿಯಾದಲ್ಲಿಯೂ ಪೋಲೆಂಡಿನಲ್ಲಿಯೂ ನೀರು ಸುರಿಯುತ್ತಾರೆ, ಚೆಕ್ ನಾಡಿನಲ್ಲಿ ಹೆಣೆದ ವಿಲೋ ಕಡ್ಡಿಗಳಿಂದ ಹುಸಿಪೆಟ್ಟು ಕೊಡುತ್ತಾರೆ.

ಹಾಗಾದರೆ ನುಡಿಯಲ್ಲಿ ಇಷ್ಟು ದೂರವಿರುವವರ ಆಚರಣೆಗಳು ಒಂದಾದದ್ದು ಹೇಗೆ? ನನ್ನನ್ನು ಕೇಳಬೇಕಾದ ಪ್ರಶ್ನೆ ಇದು, ಆದರೆ ಪಂಕ್ತಿಯಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ಇದಕ್ಕೆ ಉತ್ತರವು ಹಂಗೇರಿ–ಸ್ಲೊವಾಕಿಯಾ ಗಡಿಯಲ್ಲಿ ಹರಿಯುವ ಇಪೊಯ್ ನದಿಯ ಆಸುಪಾಸಿನಲ್ಲಿದೆ. ಉತ್ತರ ಹಂಗೇರಿಯ ಪಲೋತ್ಸ್ ಜನರ ಹಳ್ಳಿಗಳಲ್ಲಿ, ಈಸ್ಟರಿಗೆ ಒಂದು ವಾರ ಮೊದಲಿನ ಗರಿಗಳ ಭಾನುವಾರದಂದು, ಹುಡುಗಿಯರು ಹುಲ್ಲಿನ ಬೊಂಬೆಯೊಂದಕ್ಕೆ ಮದುಮಗಳ ಉಡುಪು ತೊಡಿಸಿ, ಹಾಡುತ್ತ ಊರೆಲ್ಲ ಮೆರೆಸಿ, ಕೊನೆಗೆ ಹೊಳೆಗೆ ಎಸೆಯುತ್ತಿದ್ದರು ಅಥವಾ ಸುಡುತ್ತಿದ್ದರು. ಚಳಿಯೂ ರೋಗರುಜಿನಗಳೂ ಅದರೊಂದಿಗೆ ತೊಲಗಲಿ ಎಂಬುದು ಆಶಯ. ಅವರು ಕಿಸೆ ಎಂದು ಕರೆಯುವ ಈ ಬೊಂಬೆ ಸ್ಲೊವಾಕರಲ್ಲಿ ಮೊರೆನಾ, ಪೋಲಿಷರಲ್ಲಿ ಮಾರ್ಜಾನ್ನಾ. ಗಮನಿಸಬೇಕಾದದ್ದೇನೆಂದರೆ, ಕಿಸೆ ಇಡೀ ಹಂಗೇರಿಯ ಆಚರಣೆಯಲ್ಲ, ಬಹುಪಾಲು ಉತ್ತರದ ಹಳ್ಳಿಗಳದ್ದು. ಹಂಗೇರಿಯನ್ನು ವಿಭಜಿಸಿದ 1920ರ ಟ್ರಿಯನಾನ್ ಒಪ್ಪಂದದವರೆಗೆ ಇಪೊಯ್‌ನ ಎರಡೂ ದಡಗಳು ಒಂದೇ ಹಂಗೇರಿ ರಾಜ್ಯದೊಳಗಿದ್ದವು; ಸಂತೆ, ಬೀಗತನ, ಸುಗ್ಗಿಯ ಕೂಲಿಗೆಂದು ದಕ್ಷಿಣದ ಬಯಲಿಗೆ ಇಳಿಯುತ್ತಿದ್ದ ಸ್ಲೊವಾಕ್ ಆಳುಗಳು, ಇವೆಲ್ಲ ಸೇರಿ ಮಾಡಿದ ಕೆಲಸವನ್ನು ವಂಶವೃಕ್ಷದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಕೆಲವು ಆಚರಣೆಗಳಂತೂ ಹಂಗೇರಿಯನ್ನರವೂ ಅಲ್ಲ, ಸ್ಲಾವರವೂ ಅಲ್ಲ. ಡಿಸೆಂಬರ್ 13ರಂದು, ಲೂಸಿಯ ದಿನ, ಹಂಗೇರಿಯ ಹಳ್ಳಿಗರು ಒಂದು ಪುಟ್ಟ ಮಣೆಯ ಕೆಲಸವನ್ನು ಆರಂಭಿಸುತ್ತಿದ್ದರು. ಹದಿಮೂರು ಬಗೆಯ ಮರ, ದಿನಕ್ಕೊಂದಿಷ್ಟೇ ಕೆಲಸ, ಮುಗಿಯುವುದು ಕ್ರಿಸ್‌ಮಸ್‌ನ ಹಿಂದಿನ ದಿನ. ನಡುರಾತ್ರಿಯ ಪೂಜೆಯಲ್ಲಿ ಅದರ ಮೇಲೆ ಹತ್ತಿ ನಿಂತರೆ ಊರಿನ ಮಾಟಗಾತಿಯರು ಯಾರೆಂದು ಕಾಣುತ್ತದಂತೆ. ಕಂಡ ಕೂಡಲೇ ಗಸಗಸೆ ಚೆಲ್ಲುತ್ತ ಮನೆಗೆ ಓಡಬೇಕು, ಏಕೆಂದರೆ ಬೆನ್ನಟ್ಟಿದ ಮಾಟಗಾತಿ ಒಂದೊಂದೇ ಕಾಳನ್ನು ಆರಿಸದೆ ಮುಂದೆ ಬರುವಂತಿಲ್ಲ. (ನಮ್ಮಲ್ಲಿ ಗಸಗಸೆಯ ಬೆಲೆ ಬಲ್ಲವರು ಮಾಟಗಾತಿಯ ಕೈಗೆ ಸಿಕ್ಕಿಬೀಳುವುದೇ ಲೇಸೆಂದಾರು.) ಸ್ಲೊವಾಕರಲ್ಲಿಯೂ ಈ ಮಣೆಯುಂಟು. ಲೂಸಿಯಾದರೋ ಸಿಸಿಲಿ ದ್ವೀಪದ ಸಿರಾಕ್ಯೂಸಿನ ಸಂತಳು. 1582ರಲ್ಲಿ ಪಂಚಾಂಗ ತಿದ್ದುವ ಮುನ್ನ ಅವಳ ದಿನ ವರ್ಷದ ಅತಿ ದೀರ್ಘ ರಾತ್ರಿಯ ಆಸುಪಾಸಿಗೇ ಬರುತ್ತಿತ್ತು. ಮಾಟಗಾತಿಯರ ಸಂಚಾರಕ್ಕೆ ಅದಕ್ಕಿಂತ ಪ್ರಶಸ್ತವಾದ ಕಾಲ ಯಾವುದು?

ಇಷ್ಟಾದ ಮೇಲೂ “ಆದರೂ ಯಾರದ್ದೋ ಒಬ್ಬರದ್ದಾಗಿರಲೇಬೇಕಲ್ಲ” ಎನ್ನುವವರು ಡ್ಯಾನ್ಯೂಬ್ ದಂಡೆಯ ಮೊಹಾಚ್ ಪಟ್ಟಣಕ್ಕೆ ಹೋಗಿ ನೋಡಲಿ. ಚಳಿಗಾಲದ ಕೊನೆಯಲ್ಲಿ ಅಲ್ಲಿ ಕುರಿದೊಗಲು ಹೊದ್ದು, ಕೊಂಬಿರುವ ಮರದ ಮುಖವಾಡ ತೊಟ್ಟ ಬುಶೋಗಳು ಗಿಲಕಿ ತಿರುಗಿಸುತ್ತ ಬೀದಿಗಿಳಿಯುತ್ತಾರೆ. ಈ ವೇಷ ತುರ್ಕರನ್ನು ಹೆದರಿಸಿ ಓಡಿಸಿತೆಂಬ ಐತಿಹ್ಯವಿದೆ. 1526ರಲ್ಲಿ ಅದೇ ಮೊಹಾಚಿನಲ್ಲಿ ಯುದ್ಧ ಗೆದ್ದ ತುರ್ಕರು ಆ ಸೀಮೆಯಲ್ಲಿ ಒಂದೂವರೆ ಶತಮಾನ ತಳವೂರಿದರೆಂಬುದು ಬೇರೆ ಮಾತು. ಹಬ್ಬವನ್ನು ಉಳಿಸಿಕೊಂಡು ಬಂದವರು ಶೋಕಾತ್ಸ್ ಎಂಬ ಕ್ರೊಯೇಷಿಯನ್ನರು, ಅಂದರೆ ಅಪ್ಪಟ ಸ್ಲಾವರು. 2009ರಲ್ಲಿ ಯುನೆಸ್ಕೋ ಪಟ್ಟಿಗೆ ಅದು ಸೇರಿದ್ದು ಹಂಗೇರಿಯ ಹೆಸರಿನಲ್ಲಿ.